ಗೇಣು, ಗುಂಟೆ ಮತ್ತು ಗಣಿತದ ತರಗತಿ

ಪಹಣಿಯಲ್ಲಿ ‘2.20’ ಎಂದು ಬರೆದಿದ್ದರೆ ಜಮೀನು ಎಷ್ಟು? ದಶಮಾಂಶದ ಪಾಠ ಮುಗಿಸಿದ ಏಳನೆಯ ತರಗತಿಯ ಹುಡುಗ ಎರಡು ಎಕರೆಗೆ ಐದನೆಯ ಒಂದು ಭಾಗ ಸೇರಿಸಿ ಹೇಳುತ್ತಾನೆ. ಅಕ್ಷರ ಬಾರದ ಅವನ ಅಜ್ಜ ಎರಡೂವರೆ ಎಕರೆ ಎನ್ನುತ್ತಾನೆ. ಅಜ್ಜನೇ ಸರಿ. ಅಲ್ಲಿರುವುದು ದಶಮಾಂಶದ ಚುಕ್ಕೆಯಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಅಜ್ಜ, ಮೊಮ್ಮಗನ ಲೆಕ್ಕಗಳ ನಡುವಿನ ಅಂತರ 12 ಗುಂಟೆ, ಅಂದರೆ 13,068 ಚದರ ಅಡಿ.

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಶಾಲೆಗಳಿಗೆ ಹೋಗಿಬರುವ ಅವಕಾಶ ನನಗೆ ಆಗಾಗ ಒದಗಿದೆ. ಅಳತೆ ಎಂಬುದು ಇಲ್ಲಿ ಕೇವಲ ಪಠ್ಯಪುಸ್ತಕದ ಒಂದು ಅಧ್ಯಾಯವಲ್ಲ. ಹತ್ತಿ, ತೊಗರಿ ಬೆಳೆದು ಮಾರುವವರ ಮಕ್ಕಳು ಇವರು; ನಾರಾಯಣಪುರ ಎಡದಂಡೆ ಕಾಲುವೆಯ ನೀರು ಯಾರ ಹೊಲಕ್ಕೆ ಎಷ್ಟು ಹರಿಯಿತೆಂಬ ತಕರಾರನ್ನು ಕೇಳುತ್ತಲೇ ಬೆಳೆದವರು. ಗುಳೆ ಹೋದ ಎಷ್ಟೋ ತಂದೆತಾಯಂದಿರ ಕೂಲಿ ದೂರದ ನಗರಗಳಲ್ಲಿ ಚದರ ಅಡಿ, ಘನ ಅಡಿಗಳಲ್ಲಿ ನಿಗದಿಯಾಗುತ್ತದೆ. ಆದರೆ ತೂಗುವವರು, ಅಳೆಯುವವರು ಬಹುಮಟ್ಟಿಗೆ ಬೇರೆಯವರೇ. ಅವರು ಹೇಳಿದ್ದೇ ಕೊನೆಯ ಲೆಕ್ಕವಾಗಬಾರದು ಎಂದಾದರೆ ಮನೆಯಲ್ಲಿ ಒಬ್ಬರಿಗಾದರೂ ಅದನ್ನು ಪರೀಕ್ಷಿಸಿ ನೋಡುವ ಧೈರ್ಯ ಬೇಕು.

ಆ ಧೈರ್ಯವನ್ನು ನಮ್ಮ ತರಗತಿಗಳು ಕೊಡುತ್ತಿವೆಯೇ? ಶಹಾಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಳತೆಪಟ್ಟಿಯ 3ರ ಗೆರೆಯಿಂದ 10ರ ಗೆರೆಯವರೆಗೆ ಪೆನ್ಸಿಲ್ ಇಟ್ಟು, ಅದರ ಉದ್ದವೆಷ್ಟು ಎಂದು ಆರನೆಯ ತರಗತಿಯವರನ್ನು ಕೇಳಿದೆ. ಹೆಚ್ಚಿನವರು ಹತ್ತು ಎಂದರು. ಕೆಲವರು ಮೂರರಿಂದ ಗೆರೆಗಳನ್ನೇ ಎಣಿಸಿ ಎಂಟು ಎಂದರು. ಏಳು ಎಂದವಳು ಒಬ್ಬಳೇ. ಮೀಟರಿಗೆ ನೂರು ಸೆಂಟಿಮೀಟರ್ ಎಂಬುದನ್ನು ಇವರೆಲ್ಲ ತಪ್ಪಿಲ್ಲದೆ ಒಪ್ಪಿಸಬಲ್ಲರು. ಎಣಿಸಬೇಕಾದುದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗವನ್ನು ಎಂಬುದು ಮಾತ್ರ ಹೊಳೆದಿರಲಿಲ್ಲ. ಅಳತೆಪಟ್ಟಿಯನ್ನು ಅವರು ಅದುವರೆಗೆ ಬಳಸಿದ್ದು ಪುಟದ ಅಂಚಿಗೆ ಗೆರೆ ಎಳೆಯಲು.

ಅಲ್ಲಿನ ಶಿಕ್ಷಕಿ ಮರುದಿನ ಯಾವ ಸೂತ್ರವನ್ನೂ ಬರೆಯಲಿಲ್ಲ. ಕೋಣೆಯ ಉದ್ದ ಎಷ್ಟಿದ್ದೀತೆಂದು ಮೊದಲು ಊಹಿಸಿ ಬರೆಯಲು ಹೇಳಿ, ಬಳಿಕ ಪಾದಗಳಿಂದ ಅಳೆಸಿದರು. ಒಬ್ಬರಿಗೆ 27 ಬಂದರೆ ಇನ್ನೊಬ್ಬರಿಗೆ 32. ಗದ್ದಲವೆದ್ದಿತು. ಯಾರ ಪಾದ ಸರಿ? ಕಡೆಗೆ ಒಬ್ಬಳ ಪಾದದಷ್ಟೇ ಕಡ್ಡಿ ಮುರಿದು ಎಲ್ಲರೂ ಅದರಿಂದಲೇ ಅಳೆಯುವುದೆಂದು ಮಕ್ಕಳೇ ತೀರ್ಮಾನಿಸಿದರು. ಮಾನಕ ಅಳತೆ ಏಕೆ ಬೇಕೆಂಬ ಪಾಠ ಅಲ್ಲಿಗೆ ಮುಗಿಯಿತು.

ನಂತರ ಅಂಗಳದಲ್ಲಿ 12 ಮೀಟರ್ ಹಗ್ಗ. ಐದು ಮೀಟರ್ ಉದ್ದ, ಒಂದು ಮೀಟರ್ ಅಗಲದ ‘ಹೊಲ’ ಮಾಡಿ, ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಸಿದ್ಧಪಡಿಸಿದ ಒಂದೊಂದು ಚದರ ಮೀಟರಿನ ಹಾಳೆಗಳನ್ನು ಹಾಸಿದರು (ಪತ್ರಿಕೆಗಳಿಗೆ ಇದೊಂದು ಸದ್ಗತಿ). ಐದು ಹಾಳೆ ಹಿಡಿಯಿತು. ಅದೇ ಹಗ್ಗವನ್ನು ಮೂರು ಮೀಟರಿನ ಚೌಕವಾಗಿಸಿದಾಗ ಒಂಬತ್ತು. “ಹಗ್ಗ ಅಷ್ಟ ಐತಿ, ಹೊಲ ಹ್ಯಾಂಗ ದೊಡ್ಡದಾತ್ರಿ?” ಎಂದು ಒಬ್ಬ ಹುಡುಗ ಕೇಳಿದ. ಸುತ್ತಳತೆ ಮತ್ತು ವಿಸ್ತೀರ್ಣದ ಸೂತ್ರಗಳನ್ನು ವರ್ಷಗಟ್ಟಲೆ ಉರು ಹೊಡೆದರೂ ಈ ಪ್ರಶ್ನೆ ಹುಟ್ಟುವುದಿಲ್ಲ.

ಇದೇನೂ ಈ ಭಾಗಕ್ಕೆ ಅಪರಿಚಿತ ಚಿಂತನೆಯಲ್ಲ. 2000ರ ದಶಕದಲ್ಲಿಯೇ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದೊಂದಿಗೆ ಸುರಪುರ ಭಾಗದಲ್ಲಿ ಮಕ್ಕಳಸ್ನೇಹಿ ಶಾಲೆಗಳ ಪ್ರಯತ್ನ ಕೈಗೊಂಡಿತ್ತು. ಕಂಠಪಾಠದಿಂದ ಬಿಡುಗಡೆ ಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೂ ಬಹಳ ಕಡೆ ‘ಚಟುವಟಿಕೆ’ ಎಂದರೆ ಶಿಕ್ಷಕರು ಟೇಪು ಹಿಡಿದು ಅಳೆಯುವುದು, ಮಕ್ಕಳು ಉತ್ತರ ಬರೆದುಕೊಳ್ಳುವುದು. ಇದರಿಂದ ಕಪ್ಪುಹಲಗೆಯ ಪಾಠಕ್ಕಿಂತ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಪಠ್ಯ ಮುಗಿಸಬೇಕಲ್ಲ ಎಂಬ ಶಿಕ್ಷಕರ ಅಳಲನ್ನು ನಾನು ತಳ್ಳಿಹಾಕಲಾರೆ. ಶಿಕ್ಷಕರ ಕೊರತೆ ಈ ಜಿಲ್ಲೆಯ ಹಳೆಯ ಸಂಕಟ. ಆದರೆ 3.5 ಮೀಟರನ್ನು ಸೆಂಟಿಮೀಟರಿಗೆ ಪರಿವರ್ತಿಸಲು ಹೇಳುವ ಪರೀಕ್ಷೆ, ಕುಳಿತ ಬೆಂಚನ್ನು ಅಳೆದು ತೋರಿಸಲು ಹೇಳದಿರುವತನಕ ಈ ಪರಿಪಾಠ ಬದಲಾಗದು.

ಸಾಮಗ್ರಿಗಂತೂ ಇಲ್ಲಿ ಬರವಿಲ್ಲ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಗುಂಡುಕಲ್ಲುಗಳು ಸಾಲು ಸಾಲಾಗಿ ಹರಡಿಕೊಂಡಿವೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್, ಈ ಸಾಲುಗಳನ್ನು ಕುರಿತು ಬರೆದಿದ್ದಾನೆ. ಕಲ್ಲಿನಿಂದ ಕಲ್ಲಿಗೆ ಎಷ್ಟು ಹೆಜ್ಜೆ, ಎಲ್ಲ ಸಾಲುಗಳಲ್ಲೂ ಅಂತರ ಒಂದೇ ಇದೆಯೇ, ಕಟ್ಟಿದವರ ಬಳಿ ಹಗ್ಗವಿತ್ತೇ, ಕೋಲಿತ್ತೇ? ಕಲ್ಲುಗಳನ್ನು ಕದಲಿಸದೆ ಒಂದು ನಕ್ಷೆ ಬರೆಯಲು ಎಂಟನೆಯ ತರಗತಿಗೆ ಒಂದು ಟೇಪು, ಒಂದು ಮಧ್ಯಾಹ್ನ ಸಾಕು. ನಾನು ವಿಚಾರಿಸಿದ ಶಾಲೆಗಳ ಮಕ್ಕಳಲ್ಲಿ ಕೆಲವರು ಆ ಕಲ್ಲುಗಳನ್ನು ನೋಡಿದ್ದರು. ಅಳೆದವರು ಯಾರೂ ಇರಲಿಲ್ಲ.