ಊರ ಹೊರಗಿನ ಕಾರ್ಯಾನುಭವ ಮತ್ತು ವಿದ್ಯಾರ್ಥಿಗಳ ಸುರಕ್ಷತೆ: ವೇಣೂರಿನಿಂದ ಒಂದು ವಿವೇಚನೆ

ವೇಣೂರಿನ ಗೊಮ್ಮಟಮೂರ್ತಿಯ ಎರಡು ಪಕ್ಕಗಳಲ್ಲಿ ಕ್ರಿ.ಶ. 1604ರ ಶಾಸನಗಳಿವೆ. ಒಂದು ಸಂಸ್ಕೃತದಲ್ಲಿದೆ, ಇನ್ನೊಂದು ಕನ್ನಡದಲ್ಲಿದೆ. ಸುಮಾರು 35 ಅಡಿ ಎತ್ತರದ ಈ ವಿಗ್ರಹವನ್ನು ತಿಮ್ಮರಾಜನು ಬೆಳ್ಗೊಳದ ಚಾರುಕೀರ್ತಿಗಳ ಪ್ರೇರಣೆಯಿಂದ ಸ್ಥಾಪಿಸಿದನೆಂಬ ಸಂಗತಿ ಇವುಗಳಿಂದಲೇ ನಮಗೆ ತಿಳಿದುಬರುತ್ತದೆ. 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ನೆರವೇರಿದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಜನಸಂದಣಿಯ ನಡುವೆ ನಿಂತು ಅದನ್ನು ಕಂಡು ಸಂತೋಷಪಟ್ಟರು. ಆದರೆ ಮೂರ್ತಿಯ ಪಕ್ಕದ ಬರಹವನ್ನು ಓದಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಈ ಶಾಸನಗಳನ್ನು ಹುಲ್ಟ್ಸ್ ಎಂಬ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿ ನೂರು ವರ್ಷಗಳು ಕಳೆದಿವೆ. ಅಚ್ಚಾದ ಪಾಠವನ್ನು ನಾವು ತರಗತಿಯಲ್ಲಿ ಓದಿಸಬಹುದು. ಆದರೆ ಕಲ್ಲಿನ ಮೇಲೆ ಒದ್ದೆಗಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಅಚ್ಚುಪ್ರತಿ ತೆಗೆಯುವ ಕ್ರಮವನ್ನಾಗಲಿ ಅಂತಹ ಪ್ರತಿಯಿಂದ ಸವೆದ ಅಕ್ಷರವನ್ನು ಗುರುತಿಸುವ ಕ್ರಮವನ್ನಾಗಲಿ ಕರಿಹಲಗೆಯ ಮೇಲೆ ಕಲಿಸಲಾಗುವುದಿಲ್ಲ. ಅದಕ್ಕೆ ಬಲ್ಲವರ ಬಳಿಗೆ ಹೋಗಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನಶಾಖೆಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು. 1905ರಲ್ಲಿ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಅಲ್ಲಿಯೇ ಇದೆ. ರಾಜ್ಯ ಪತ್ರಾಗಾರವು ಬೆಂಗಳೂರಿನಲ್ಲಿದೆ. ಹೀಗೆ, ತನ್ನೂರಿನ ಕಲ್ಲನ್ನು ಓದಲು ಕಲಿಯಬೇಕಾದ ವೇಣೂರಿನ ವಿದ್ಯಾರ್ಥಿ ಊರನ್ನು ಬಿಟ್ಟು ಹೋಗಬೇಕಾಗುತ್ತದೆ. ಹೀಗೆ ಕಳುಹಿಸುವಾಗ ಅವರ ಸುರಕ್ಷತೆಗಾಗಿ ಅಧ್ಯಾಪಕರು ಏನನ್ನು ಏರ್ಪಡಿಸಬೇಕೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿದ್ಯೆಗಾಗಿ ಊರು ಬಿಡುವುದು ನಮ್ಮಲ್ಲಿ ಹೊಸತಲ್ಲ. ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದುತ್ತಿದ್ದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಅವರ ಊಟ ಗೊತ್ತಾಗಿರುತ್ತಿತ್ತು. ಆ ಪದ್ಧತಿಯ ದೋಷಗಳನ್ನು ಮರೆಮಾಚಬೇಕಾಗಿಲ್ಲ. ಅದು ಜಾತಿಯ ಎಲ್ಲೆಯೊಳಗೆ ನಡೆಯುತ್ತಿತ್ತು; ಹೆಣ್ಣುಮಕ್ಕಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆದರೆ ಅದರಲ್ಲಿ ಗಮನಿಸತಕ್ಕ ಗುಣವೊಂದಿತ್ತು. ಗೊತ್ತಾದ ದಿನ ಗೊತ್ತಾದ ಮನೆಗೆ ಹುಡುಗನು ಬಾರದಿದ್ದರೆ, ಏಕೆ ಬರಲಿಲ್ಲವೆಂದು ಅಂದೇ ವಿಚಾರಿಸುವವರು ಇರುತ್ತಿದ್ದರು. ಪರಸ್ಥಳದಲ್ಲಿ ಸುರಕ್ಷತೆಯ ಮೊದಲ ಲಕ್ಷಣವೇ ಇದು: ತನ್ನನ್ನು ಎದುರುನೋಡುವವರು ಒಬ್ಬರಿರಬೇಕು.

ವ್ಯಾಸಂಗದ ಅಂಗವಾಗಿ ಕೆಲಸದ ಅನುಭವವನ್ನು ಕೊಡುವ ವ್ಯವಸ್ಥೆಯು 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಆರಂಭವಾಯಿತು. ನಮ್ಮ ದೇಶದಲ್ಲಿ 1964–66ರ ಕೊಠಾರಿ ಆಯೋಗವು ಕಾರ್ಯಾನುಭವವು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದು ಸೂಚಿಸಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಮೊದಲಾಯಿತು. ಅದರ ಶಿಬಿರಗಳಿಗೆ ವಿದ್ಯಾರ್ಥಿಗಳು ತಂಡವಾಗಿ, ಅಧ್ಯಾಪಕರೊಡನೆ ಹೋಗುತ್ತಾರೆ. ಈಗ ಇಂಟರ್ನ್‌ಶಿಪ್ ಎಂದು ಕರೆಯಲ್ಪಡುವ ಕಾರ್ಯಾನುಭವಕ್ಕಾದರೋ ಅವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಈ ವ್ಯತ್ಯಾಸವನ್ನು ನಾವು ಸಾಕಷ್ಟು ಗಮನಿಸಿಲ್ಲ.

ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಕೆಲವು ವರ್ಷಗಳ ಹಿಂದೆ ವೇಣೂರಿನ ಸಮೀಪದ ಗ್ರಾಮವೊಂದರ ವಿದ್ಯಾರ್ಥಿನಿಯನ್ನು ದೂರದ ನಗರದ ಒಂದು ಸಂಸ್ಥೆಗೆ ಮೂರು ವಾರಗಳ ಕಾರ್ಯಾನುಭವಕ್ಕಾಗಿ ಕಳುಹಿಸಿದೆವು. ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದ ತಾಯಿ ನಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಒಪ್ಪಿದ್ದರು. ವಸತಿಗೆ ವ್ಯವಸ್ಥೆಯಿದೆಯೆಂದು ಸಂಸ್ಥೆಯ ಪತ್ರದಲ್ಲಿತ್ತು. ಎಲ್ಲಿ, ಯಾರ ಜವಾಬ್ದಾರಿಯಲ್ಲಿ ಎಂಬುದನ್ನು ನಾವು ಕೇಳಲಿಲ್ಲ. ಆಕೆ ಸಂಜೆ ತಲಪಿದಾಗ ಪತ್ರಕ್ಕೆ ಸಹಿ ಹಾಕಿದ್ದವರು ವರ್ಗವಾಗಿ ಹೋಗಿದ್ದರು, ಕೊಠಡಿಗಳು ದುರಸ್ತಿಯಲ್ಲಿದ್ದವು. ಆ ರಾತ್ರಿಯನ್ನು ಆಕೆ ಬಸ್ ನಿಲ್ದಾಣದ ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ ಕಳೆದಳು. ಮರುದಿನ ನೌಕರರೊಬ್ಬರ ಖಾಲಿ ಮನೆಯಲ್ಲಿ ಇರಬಹುದೆಂಬ ಸೂಚನೆ ಬಂದಾಗ ಒಪ್ಪದೆ ಊರಿಗೆ ಹಿಂದಿರುಗಿದಳು. ನಾವು ದಾಖಲೆಯಲ್ಲಿ ‘ಅಪೂರ್ಣ’ ಎಂದು ಬರೆದೆವು.

ಒಂದು ತಿಂಗಳ ಬಳಿಕ ತಾಯಿ ಕಾಲೇಜಿಗೆ ಬಂದು, “ಅವಳು ಓಡಿ ಬಂದದ್ದಲ್ಲ ಮಾಸ್ಟ್ರೇ, ನಿಲ್ಲಲಿಕ್ಕೆ ಜಾಗ ಇಲ್ಲದೆ ಬಂದದ್ದು” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸರಿಯಾಗಿ ವಿವೇಚಿಸಿ ನಡೆದುಕೊಂಡವಳು ವಿದ್ಯಾರ್ಥಿನಿ. ಕರ್ತವ್ಯವನ್ನು ಅಪೂರ್ಣವಾಗಿ ಬಿಟ್ಟವರು ನಾವು. ದಾಖಲೆಯನ್ನು ತಿದ್ದಿ, ಉಳಿದ ಅವಧಿಯ ಕೆಲಸವನ್ನು ಹತ್ತಿರದಲ್ಲಿಯೇ ಕೊಟ್ಟೆವು. ಆದರೆ ಮರುವರ್ಷ ಅದೇ ಗ್ರಾಮದ ಮೂರು ಮನೆಯವರು ಹೆಣ್ಣುಮಕ್ಕಳನ್ನು ಕಳುಹಿಸಲು ಒಪ್ಪಲಿಲ್ಲ. ಒಂದು ಏರ್ಪಾಡು ಕೆಟ್ಟರೆ ನಷ್ಟವು ಒಬ್ಬರಿಗೇ ನಿಲ್ಲುವುದಿಲ್ಲ.

ಅಂದಿನಿಂದ ಕೆಲವು ವಿಷಯಗಳು ಲಿಖಿತವಾಗಿ ಗೊತ್ತಾಗದ ಹೊರತು ನಾವು ಯಾರನ್ನೂ ಕಳುಹಿಸುವುದಿಲ್ಲ. ಮೊದಲನೆಯದು, ಹೊಣೆಗಾರರು. ಸಂಸ್ಥೆಯ ಹೆಸರಿದ್ದರೆ ಸಾಲದು. ದಿನನಿತ್ಯ ಹಾಜರಿಯನ್ನು ನೋಡುವ ವ್ಯಕ್ತಿಯ ಹೆಸರೂ ಅವರಿಲ್ಲದಾಗ ನೋಡುವವರ ಹೆಸರೂ ಬೇಕು. ಹೊರಡುವುದಕ್ಕೆ ಎರಡು ದಿನ ಮುಂಚೆ ಅವರಿಬ್ಬರೊಡನೆ ನಾವೇ ಮಾತನಾಡುತ್ತೇವೆ. ಎರಡನೆಯದು, ವಸತಿ. ಅಧ್ಯಾಪಕರೊಬ್ಬರು ಮುಂಚಿತವಾಗಿ ಕಣ್ಣಾರೆ ನೋಡುವುದು ಉತ್ತಮ. ಆಗದಿದ್ದರೆ ಆ ಊರಿನ ಕಾಲೇಜಿನ ಸಹೋದ್ಯೋಗಿಗಳು ನೋಡಿ ತಿಳಿಸಬೇಕು. ಒಳಗಿನಿಂದ ಭದ್ರವಾಗುವ ಬಾಗಿಲು, ಬೇರೆ ಶೌಚಾಲಯ, ಕೆಲಸದ ಸ್ಥಳಕ್ಕಿರುವ ದೂರ, ಇವು ಚಿಕ್ಕ ವಿಚಾರಗಳಲ್ಲ. ಸಾಧ್ಯವಾದಷ್ಟೂ ಇಬ್ಬರನ್ನು ಒಂದೇ ಸ್ಥಳಕ್ಕೆ ಕಳುಹಿಸಬೇಕು.

ಮೂರನೆಯದು, ಪ್ರಯಾಣ. ನಮ್ಮ ಜಿಲ್ಲೆಯಿಂದ ಮೈಸೂರಿಗಾಗಲಿ ಬೆಂಗಳೂರಿಗಾಗಲಿ ಹೋಗಲು ಘಟ್ಟವನ್ನು ಹತ್ತಬೇಕು. 2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ಮಾರ್ಗ ಕಡಿದುಹೋಯಿತು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿತು. ಆದಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂತಹ ಏರ್ಪಾಡು ಬೇಡ. ಉಳಿದ ಕಾಲದಲ್ಲಿಯೂ ಹಗಲಿನಲ್ಲಿ ತಲಪುವಂತೆ ಹೊರಡಿಸಬೇಕು. ಖರ್ಚನ್ನೂ ಮೊದಲೇ ಲೆಕ್ಕಹಾಕಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಸಾರಿಗೆ ಬಸ್ಸುಗಳಿಗೆ ಅನ್ವಯಿಸುತ್ತದೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ನಮ್ಮ ಮಾರ್ಗಗಳಲ್ಲಿ ವಿದ್ಯಾರ್ಥಿನಿಯ ಕೈಯಲ್ಲಿ ಹಣವಿರಲೇಬೇಕು. ಹಿಂದಿರುಗುವ ಖರ್ಚನ್ನು ಪ್ರತ್ಯೇಕವಾಗಿ ಇಡಿಸುವುದು ಲೇಸು.

ನಾಲ್ಕನೆಯದು, ಕಾನೂನು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿಯಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2015ರ ನಿಯಮಾವಳಿಯು ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್, ಅಧ್ಯಯನ ಪ್ರವಾಸಗಳ ಸ್ಥಳಗಳನ್ನೂ ‘ಕ್ಯಾಂಪಸ್’ ಎಂಬ ಪದದ ವ್ಯಾಪ್ತಿಗೆ ಸೇರಿಸಿದೆ. ಎಂದರೆ ಗೇಟಿನ ಹೊರಗೆ ನಮ್ಮ ಹೊಣೆಯಿಲ್ಲವೆಂದು ಕಾಲೇಜು ಹೇಳುವಂತಿಲ್ಲ. ಅಪಘಾತದ ವಿಷಯದಲ್ಲಿ ಬೇರೊಂದು ಎಚ್ಚರ ಅಗತ್ಯ. 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಗಾಯಗೊಂಡ ಅಪ್ರೆಂಟಿಸ್‌ಗೆ ಮಾಲೀಕರಿಂದ ಪರಿಹಾರವಿದೆ. ಆದರೆ ಆ ಕಾಯಿದೆಯಂತೆ ಒಪ್ಪಂದವಾಗದ ವಿದ್ಯಾರ್ಥಿಗೆ ಅದು ತಾನಾಗಿಯೇ ದೊರೆಯುವುದೆಂದು ನಂಬಿ ಕೂರಬಾರದು. ಬಂಡೆಯನ್ನೇರಿ ಅಚ್ಚುಪ್ರತಿ ತೆಗೆಯಬೇಕಾದವರಿಗೆ ವಿಮೆಯನ್ನು ಕಾಲೇಜೇ ಮಾಡಿಸಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹಿಂದಿರುಗುವ ಸ್ವಾತಂತ್ರ್ಯ. ಸಾಮಾನ್ಯವಾಗಿ 30 ಗಂಟೆಗಳ ಇಂತಹ ಕೆಲಸಕ್ಕೆ ಒಂದು ಕ್ರೆಡಿಟ್ ಎಂಬ ಲೆಕ್ಕವಿದೆ. ಗಂಟೆ ಕಡಿಮೆಯಾದರೆ ಅಂಕ ಹೋಗುತ್ತದೆಂಬ ಭಯವಿರುವ ವಿದ್ಯಾರ್ಥಿ ಅಪಾಯವನ್ನು ಸಹಿಸಿಕೊಂಡು ಅಲ್ಲಿಯೇ ಉಳಿಯುತ್ತಾನೆ, ಇಲ್ಲವೆ ನಡೆದುದನ್ನು ಮುಚ್ಚಿಡುತ್ತಾನೆ. ಆದುದರಿಂದ ಸುರಕ್ಷತೆಯ ಕಾರಣದಿಂದ ಮರಳಿದವರಿಗೆ ಉಳಿದ ಗಂಟೆಗಳನ್ನು ಬೇರೆಡೆ ಪೂರೈಸಿಕೊಡುವುದಾಗಿ ನಾವು ಮೊದಲೇ ಬರೆದುಕೊಡುತ್ತೇವೆ. ಪ್ರತಿದಿನ ಸಂಜೆ ಗೊತ್ತಾದ ವೇಳೆಗೆ ವಿದ್ಯಾರ್ಥಿಯಿಂದ ಅಧ್ಯಾಪಕರಿಗೆ ಕರೆ ಬರಬೇಕು. ಬಾರದಿದ್ದರೆ ಒಂದು ಗಂಟೆಯೊಳಗೆ ನಾವೇ ವಿಚಾರಿಸುತ್ತೇವೆ. ವಾರಾನ್ನದ ಮನೆಯವರು ಮಾಡುತ್ತಿದ್ದುದೂ ಇದನ್ನೇ.

ಇಷ್ಟೆಲ್ಲ ತೊಂದರೆಯೇಕೆ, ಊರಿನಲ್ಲಿಯೇ ಏನಾದರೂ ಮಾಡಿಸಬಾರದೆ ಎಂದು ಕೇಳುವವರುಂಟು. ಊರಿನ ಕೆಲಸಕ್ಕೂ ಬೆಲೆಯಿದೆ. ಮೂಡಬಿದಿರೆಯಂತಹ ಬಸದಿಗಳ ಊರು ಹತ್ತಿರವಿರುವಾಗ ಅದನ್ನು ಅಲ್ಲಗಳೆಯಲಾಗದು. ಆದರೆ ಭಯದ ಕಾರಣದಿಂದ ಮನೆಯಲ್ಲಿ ಉಳಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ಬಡವರ ಮಕ್ಕಳು. ಪರಸ್ಥಳದಲ್ಲಿ ಬಂಧುಗಳಿರುವವರು ಹೇಗಾದರೂ ಹೋಗಿ ಕಲಿಯುತ್ತಾರೆ. ಏರ್ಪಾಡನ್ನು ಕಾಲೇಜು ಮಾಡದಿದ್ದರೆ ವಿದ್ಯೆಯು ಬಂಧುಬಳಗವಿದ್ದವರ ಪಾಲಾಗುತ್ತದೆ.

ಪ್ರತಿಯೊಂದು ವಿಭಾಗವೂ ತಾನು ನೋಡಿದ ವಸತಿಗಳ, ಹೊಣೆ ಹೊತ್ತ ವ್ಯಕ್ತಿಗಳ, ಒದಗಿದ ತೊಂದರೆಗಳ ಒಂದು ದಾಖಲೆಪುಸ್ತಕವನ್ನಿಟ್ಟು ನೆರೆಯ ಕಾಲೇಜುಗಳೊಡನೆ ಹಂಚಿಕೊಂಡರೆ ಈ ಶ್ರಮ ಬಹುಮಟ್ಟಿಗೆ ತಗ್ಗುವುದು. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಆ ವಿದ್ಯಾರ್ಥಿನಿಯ ಪ್ರಕರಣವನ್ನು, ಹೆಸರನ್ನು ಬಿಟ್ಟು, ನಮ್ಮ ತಪ್ಪುಗಳೊಡನೆ ಬರೆದಿಟ್ಟಿದ್ದೇವೆ. ಹೊಸದಾಗಿ ಬರುವ ಅಧ್ಯಾಪಕರು ಅದನ್ನು ಓದಿದ ಮೇಲೆಯೇ ಕಳುಹಿಸುವ ಪತ್ರಕ್ಕೆ ಸಹಿ ಹಾಕತಕ್ಕದ್ದೆಂದು ನಿಯಮ ಮಾಡಿಕೊಂಡಿದ್ದೇವೆ.