ಆಶಾ ಮತ್ತು ವಿಮೆ

ಭಾಷೆಯನ್ನು ಪಾಠ ಹೇಳುವವನಿಗೆ ಮಾತಿನ ಬೇರನ್ನು ಕೆದಕಿ ನೋಡುವ ಚಾಳಿ ತಪ್ಪದು. ‘ವಿಮೆ’ ಎಂಬ ಮಾತು ಇಂದು ನಮ್ಮ ಮನೆಮಾತಾಗಿದೆ. ಅದು ನಮ್ಮಲ್ಲಿಗೆ ಬಂದದ್ದು ‘ಬೀಮಾ’ ಎಂಬುದರಿಂದ. ಅದರ ಬೇರು ಪಾರಸಿಯ ‘ಬೀಮ್’. ಹಾಗೆಂದರೆ ಭಯ. ನಾಳೆ ಏನಾದೀತೋ ಎಂಬ ಅಂಜಿಕೆಯಿಂದ ಇಂದು ಕೂಡಿಡುವ ಕಾಸೇ ವಿಮೆ. ‘ಆಶಾ’ ಎಂಬುದು ಇದಕ್ಕೆ ನೇರ ವಿರುದ್ಧವಾದ ಮಾತು. ಸಂಸ್ಕೃತದಲ್ಲಿ ಅದಕ್ಕೆ ಹಾರೈಕೆ ಎಂಬ ಅರ್ಥ ಒಂದಾದರೆ, ದಿಕ್ಕು ಎಂಬುದು ಇನ್ನೊಂದು. ಅಮರಕೋಶವು ದಿಕ್ಕಿನ ಪರ್ಯಾಯ ಪದಗಳಲ್ಲಿ ಅದನ್ನೂ ಸೇರಿಸಿದೆ. ಕನ್ನಡದಲ್ಲಿಯೋ ‘ದಿಕ್ಕು’ ಎಂದರೆ ಆಸರೆಯೂ ಹೌದು. ಯಾರೂ ಇಲ್ಲದವರನ್ನು ನಾವು ದಿಕ್ಕಿಲ್ಲದವರೆನ್ನುತ್ತೇವೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ, ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ ಎಂಬರ್ಥದ ಆಂಗ್ಲ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಆಶಾ’ ಎಂದು ಕರೆದವರು ಈ ಅರ್ಥಗಳನ್ನೆಲ್ಲ ಎಣಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಸಾರ್ಥಕವಾಯಿತು. ಸಾವಿರ ಜನಕ್ಕೆ ಒಬ್ಬಳು; ಇಪ್ಪತ್ತೈದರಿಂದ ನಲವತ್ತೈದರ ವಯಸ್ಸು; ಅದೇ ಊರಿನ ನಿವಾಸಿ, ಸಾಧ್ಯವಾದರೆ ಅದೇ ಊರಿನ ಸೊಸೆ. ಮಗಳಾದರೆ ಮದುವೆಯಾಗಿ ಹೊರಟುಹೋದಾಳು, ಸೊಸೆಯಾದರೆ ಉಳಿದಾಳು ಎಂಬ ಲೋಕಜ್ಞಾನ ಈ ನಿಯಮದ ಹಿಂದೆ ಇದೆ. 2013ರಲ್ಲಿ ನಗರಗಳಿಗೂ ಇಂತಹದೇ ಅಭಿಯಾನ ಬಂದು, ಆಶಾ ಕಾರ್ಯಕರ್ತೆ ಬೆಂಗಳೂರಿನ ಓಣಿಗಳಿಗೂ ಕಾಲಿಟ್ಟಳು. ಇಂದು ಕರ್ನಾಟಕದಲ್ಲಿ ಸುಮಾರು ನಲವತ್ತೆರಡು ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ.

ನಾನು ವಾಸಿಸುವ ಬಾಪೂಜಿ ನಗರವು ಮೈಸೂರು ರಸ್ತೆಯ ಮಗ್ಗುಲಲ್ಲಿದೆ. ಒಂದು ಕಡೆ ಸ್ಯಾಟಲೈಟ್ ಬಸ್ ನಿಲ್ದಾಣದ ಗದ್ದಲ, ಇನ್ನೊಂದು ಕಡೆ ವೃಷಭಾವತಿಯ ಕಪ್ಪು ನೀರು, ನಡುವೆ ಒಂದಕ್ಕೊಂದು ಆತುಕೊಂಡ ಮನೆಗಳು. ಇಲ್ಲಿ ಆಶಾ ಕಾರ್ಯಕರ್ತೆಯ ಕೆಲಸ ಹಳ್ಳಿಯದಕ್ಕಿಂತ ಒಂದು ವಿಷಯದಲ್ಲಿ ಕಷ್ಟ. ಹಳ್ಳಿಯ ಮನೆಗಳು ಇದ್ದಲ್ಲೇ ಇರುತ್ತವೆ. ಇಲ್ಲಿ ಬಾಡಿಗೆಯವರು ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಾಯಿಸುತ್ತಾರೆ. ಕಳೆದ ಬಾರಿ ಬಸುರಿಯಿದ್ದ ಮನೆಗೆ ಈ ಬಾರಿ ಹೋದರೆ ಬಾಗಿಲು ತೆರೆಯುವವರೇ ಬೇರೆ. ಸಾಲದುದಕ್ಕೆ ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಸಂಪ್ರದಾಯ. ಆರೇಳು ತಿಂಗಳು ಇಲ್ಲಿ ಕಬ್ಬಿಣದ ಮಾತ್ರೆ ಕೊಟ್ಟು, ಚುಚ್ಚುಮದ್ದು ಹಾಕಿಸಿ, ತೂಕ ಬರೆದಿಟ್ಟ ಹುಡುಗಿ ಸೀಮಂತ ಮುಗಿಸಿಕೊಂಡು ಮದ್ದೂರಿಗೋ ಮಾಗಡಿಗೋ ಹೊರಟುಬಿಡುತ್ತಾಳೆ. ಜನನಿ ಸುರಕ್ಷಾ ಯೋಜನೆಯು ಫಲಾನುಭವಿಯಾದ ತಾಯಿಯೊಬ್ಬಳಿಗೆ ಆಶಾ ಮಾಡುವ ಸೇವೆಗೆ ಹಳ್ಳಿಯಲ್ಲಿ 600, ನಗರದಲ್ಲಿ 400 ರೂಪಾಯಿ ಗೊತ್ತುಮಾಡಿತು. ಅದರಲ್ಲಿ ಅರ್ಧ ಗರ್ಭಿಣಿಯ ಆರೈಕೆಗೆ, ಅರ್ಧ ಹೆರಿಗೆಗೆ ಆಸ್ಪತ್ರೆ ಸೇರಿಸಿದುದಕ್ಕೆ. ತವರಿಗೆ ಹೋದ ಹುಡುಗಿಯ ಜೊತೆಯಲ್ಲಿಯೇ ಆ ಅರ್ಧವೂ ತವರಿಗೆ ಹೋಗುತ್ತದೆ.

ಇನ್ನು ವಿಮೆಯ ಕಡೆಗೆ ತಿರುಗೋಣ. ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. 1891ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯ ಇಲಾಖೆಯೊಂದನ್ನು ತೆರೆದಿತ್ತು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತನು ಮೊದಲಿಗೆ ವರ್ಷಕ್ಕೆ ಕೇವಲ 60 ರೂಪಾಯಿ ತೆತ್ತು ದೊಡ್ಡ ಶಸ್ತ್ರಚಿಕಿತ್ಸೆಗೆ ಹಕ್ಕುದಾರನಾದನು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಕೇಂದ್ರದ ಯೋಜನೆಯೂ ರಾಜ್ಯದ ಯೋಜನೆಯೂ ಕೂಡಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವಾಯಿತು; ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ಚಿಕಿತ್ಸೆ ದೊರೆಯುವಂತಾಯಿತು. ಇವುಗಳಿಂದ ಉಳಿದ ಜೀವಗಳು, ಮಾರದೆ ಉಳಿದ ಹೊಲಗಳು, ಒತ್ತೆಯಿಡದೆ ಉಳಿದ ತಾಳಿಗಳು ಅನೇಕ. ಇದನ್ನು ಮನಸಾರೆ ಒಪ್ಪಿಕೊಂಡೇ ಮುಂದಿನ ಮಾತನ್ನು ಆಡತಕ್ಕದ್ದು.

ವಿಮೆಗೆ ಒಂದು ಸ್ವಭಾವವುಂಟು. ಅದು ಆದದ್ದನ್ನು ಎಣಿಸಬಲ್ಲದು. ಆಗದಂತೆ ತಡೆದುದನ್ನು ಎಣಿಸಲಾರದು. ಹಾಸಿಗೆ ಹಿಡಿದವನ ಲೆಕ್ಕ ಅದಕ್ಕೆ ಗೊತ್ತು, ಹಾಸಿಗೆ ಹಿಡಿಯದಂತೆ ನೋಡಿಕೊಂಡವಳ ಲೆಕ್ಕ ಗೊತ್ತಿಲ್ಲ. ಕೇಂದ್ರದ ಯೋಜನೆಯ ನಿಯಮವನ್ನೇ ನೋಡಿ. ಆಸ್ಪತ್ರೆ ಸೇರುವುದಕ್ಕೆ ಮುಂಚಿನ ಮೂರು ದಿನ ಮತ್ತು ಮನೆಗೆ ಮರಳಿದ ಮೇಲಿನ ಹದಿನೈದು ದಿನಗಳ ವೆಚ್ಚ ಅದರ ವ್ಯಾಪ್ತಿಯೊಳಗೆ ಬರುತ್ತದೆ. ಹದಿನಾರನೆಯ ದಿನ ವಿಮೆಯ ಕಣ್ಣು ಮುಚ್ಚುತ್ತದೆ. ಆಶಾ ಕಾರ್ಯಕರ್ತೆಯ ಪಂಚಾಂಗವೇ ಬೇರೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಕೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಮನೆಗೆ ಹೋಗಿ ನೋಡತಕ್ಕದ್ದು. ಮೈ ಬೆಚ್ಚಗಿದೆಯೆ, ಹೊಕ್ಕುಳು ಒಣಗಿದೆಯೆ, ಹಾಲು ಕುಡಿಯುತ್ತಿದೆಯೆ, ತೂಕ ಏರಿದೆಯೆ, ಬಾಣಂತಿಗೆ ಜ್ವರವಿಲ್ಲವಷ್ಟೆ—ಇವೆಲ್ಲವನ್ನೂ ವಿಚಾರಿಸಿ ಬರೆದುಕೊಳ್ಳತಕ್ಕದ್ದು. ಈ ಆರು ಭೇಟಿಗಳೂ ಮುಗಿದರೆ ಯೋಜನೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಎಂದರೆ ಒಂದು ಭೇಟಿಗೆ ನಲವತ್ತೆರಡು ರೂಪಾಯಿಗಿಂತ ಕಡಿಮೆ. ಮೂವತ್ತು ವರ್ಷ ದಾಟಿದವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸುಳಿವು ಹುಡುಕುವ ಪಟ್ಟಿಯೊಂದನ್ನು ಆಕೆ ಮನೆಮನೆಗೂ ಹೋಗಿ ತುಂಬಬೇಕು. ಒಬ್ಬರ ಪಟ್ಟಿಗೆ 10 ರೂಪಾಯಿ ನಿಗದಿಯಾಯಿತು. ಆ ಹತ್ತು ರೂಪಾಯಿಯ ಪಟ್ಟಿಯಲ್ಲಿ ಇಂದು ಸಿಕ್ಕಿಬಿದ್ದ ರಕ್ತದೊತ್ತಡವು ನಾಳೆ ಪಾರ್ಶ್ವವಾಯುವಾಗದಿದ್ದರೆ ವಿಮಾನಿಧಿಗೆ ಉಳಿಯುವುದು ಲಕ್ಷದ ಲೆಕ್ಕ. ಉಳಿತಾಯ ನಿಧಿಯದು, ನಡಿಗೆ ಆಕೆಯದು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಆಶಾ ಎಂಬುವಳು ಸೇವಕಿಯಷ್ಟೆ, ನೌಕರಳಲ್ಲವಷ್ಟೆ. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಏನನ್ನು ಬೇಡಿದ್ದರು? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು, ಹಣಕ್ಕೆ ಕೈಯೊಡ್ಡಿದವರಲ್ಲ. 2018ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂತಹ ಜೀವಕ್ಕೆ ಕೈಮುಗಿಯುವುದು ನ್ಯಾಯವೇ. ಆದರೆ ಒಬ್ಬರ ತ್ಯಾಗವನ್ನು ತೋರಿಸಿ ಉಳಿದವರ ಕೂಲಿಯನ್ನು ಕತ್ತರಿಸುವುದು ನ್ಯಾಯವಲ್ಲ. ಸೂಲಗಿತ್ತಿಯ ಮೇಲೆ ದಾಖಲೆ ತುಂಬುವ ಹೊರೆಯಿರಲಿಲ್ಲ, ಮೊಬೈಲಿನಲ್ಲಿ ಅಂಕಿ ಏರಿಸುವ ಕಟ್ಟಳೆಯಿರಲಿಲ್ಲ, ಮೇಲಧಿಕಾರಿಯ ತನಿಖೆಯಿರಲಿಲ್ಲ. ಸರಕಾರದ ಕೆಲಸವನ್ನು ಸರಕಾರದ ಲೆಕ್ಕಕ್ಕೆ ಒಪ್ಪಿಸುವವಳನ್ನು ಸ್ವಯಂಸೇವಕಿಯೆಂದು ಕರೆಯುವುದು ಭಾಷೆಯ ದುರುಪಯೋಗವೆಂದು ನನಗೆ ತೋರುತ್ತದೆ.

ಮಾತಿನ ಪ್ರಶ್ನೆ ಬಂದುದರಿಂದ ‘ಗೌರವಧನ’ ಎಂಬ ಸಮಾಸವನ್ನೂ ಇಲ್ಲಿ ಬಿಡಿಸಬಹುದು. ಗೌರವಕ್ಕಾಗಿ ಧನವೆಂದು ವಿಗ್ರಹಿಸಿದರೆ ತತ್ಪುರುಷ. ಗೌರವವೂ ಧನವೂ ಎಂದರೆ ದ್ವಂದ್ವ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯನ್ನಿತ್ತಿತು, ಗೌರವ ಬಂತು. ಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕೂರಬೇಕಾಯಿತು. ತಿಂಗಳಿಗೆ 15,000 ರೂಪಾಯಿ ಬೇಕೆಂದು ಕೇಳಿದರು. 10,000ಕ್ಕೆ ಕಡಿಮೆಯಾಗದೆಂಬ ಭರವಸೆ ದೊರೆಯಿತು. ಆ ಭರವಸೆ ಈಡೇರಲಿಲ್ಲವೆಂದು ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಧರಣಿ ನಡೆಯಿತು. ಈ ಸಮಾಸವು ದ್ವಂದ್ವವೇ ಸರಿ; ಎರಡು ಪದಗಳೂ ಇನ್ನೂ ಕೂಡಿಲ್ಲ, ಅಷ್ಟೆ.

ಪ್ರವೇಶದ ದಿನಗಳಲ್ಲಿ ಕಾಲೇಜಿನ ಅರ್ಜಿಗಳನ್ನು ತಿದ್ದುವ ಕೆಲಸ ಒಮ್ಮೊಮ್ಮೆ ನನ್ನ ಪಾಲಿಗೆ ಬರುತ್ತದೆ. ಒಂದು ವರ್ಷ ‘ತಾಯಿಯ ಉದ್ಯೋಗ’ ಎಂಬ ಮನೆಯಲ್ಲಿ ‘ಗೃಹಿಣಿ’ ಎಂದು ಬರೆದಿದ್ದ ಹುಡುಗಿಯೊಬ್ಬಳು, ಮಾತಿನ ನಡುವೆ ತನ್ನ ತಾಯಿ ಆಶಾ ಎಂದಳು. ಹಾಗೇಕೆ ಬರೆಯಲಿಲ್ಲವೆಂದು ಕೇಳಿದೆ. “ಅದು ಉದ್ಯೋಗವಲ್ಲವಂತೆ ಸಾರ್, ಸಂಬಳದ ಚೀಟಿ ಕೊಡುವುದಿಲ್ಲ,” ಎಂದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ನಿಯಮವನ್ನು ತಿಳಿಸುವವರ ನಿರ್ವಿಕಾರವಿತ್ತು. ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಹಿಂದಿರುಗುವ ಹೆಂಗಸು ಮನೆಯಲ್ಲಿಯೇ ಇರುವವಳೆಂದು ಮಗಳ ಕೈಬರಹದಲ್ಲಿ ದಾಖಲಾಗಿಹೋಯಿತು.

ಉದ್ಯೋಗವೆಂದು ಕರೆದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಹತ್ತಿರದಲ್ಲಿಯೇ ಇದೆ. ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ, 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ಪುಣ್ಯದಿಂದ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ತೆರೆದಿದೆ. ಆಕೆಯ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿದರೆ ಮಾಲೀಕನು ಮೂರೂಕಾಲು ರೂಪಾಯಿ ಸೇರಿಸುತ್ತಾನೆ. ಕಾಯಿಲೆ ಬಿದ್ದ ದಿನಗಳಿಗೆ ಭತ್ಯೆಯುಂಟು, ಹೆರಿಗೆಗೆ ಇಪ್ಪತ್ತಾರು ವಾರಗಳ ಸಂಬಳವುಂಟು. ಆ ಹೆಂಗಸು ಬಾಣಂತಿಯಾದಾಗ ಅವಳ ಮನೆಗೆ ಹೋಗಿ ಕೂಸನ್ನು ತೂಗುವವಳು ಆಶಾ. ಆದರೆ ಆಶಾ ಸ್ವತಃ ಬಾಣಂತಿಯಾದರೆ ಅವಳಿಗೆ ಮಾಲೀಕನೇ ಇಲ್ಲ. ಮಾಲೀಕನಿಲ್ಲದ ಮೇಲೆ ವಂತಿಗೆಯೆಲ್ಲಿ, ಭತ್ಯೆಯೆಲ್ಲಿ? 2013ರ ಭಾರತೀಯ ಕಾರ್ಮಿಕ ಸಮ್ಮೇಳನವು ಆಶಾ, ಅಂಗನವಾಡಿ ಮೊದಲಾದವರನ್ನು ಕಾರ್ಮಿಕರೆಂದು ಪರಿಗಣಿಸತಕ್ಕದ್ದೆಂದು ಶಿಫಾರಸು ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೆ ಉಪದಾನದ ಹಕ್ಕುಂಟೆಂದು ತೀರ್ಪಿತ್ತಿತು. ಆಶಾ ಮಾತ್ರ ಇನ್ನೂ ಹೊಸ್ತಿಲ ಹೊರಗೆ ನಿಂತಿದ್ದಾಳೆ.

ಭಯ ಹೆಚ್ಚಾದಾಗ ಮಾತ್ರ ಅವಳು ಒಳಗಿನವಳಾದದ್ದುಂಟು. 2020ರ ಏಪ್ರಿಲ್ ತಿಂಗಳಲ್ಲಿ ಆಗಿನ ಮಹಾನಗರ ಪಾಲಿಕೆಯು ಬಾಪೂಜಿ ನಗರ ಮತ್ತು ಪಾದರಾಯನಪುರದ ವಾರ್ಡುಗಳನ್ನು ಮುಚ್ಚಿ ಮುದ್ರೆಯೊತ್ತಿತು. ರಸ್ತೆಗಳಿಗೆ ಅಡ್ಡಗಟ್ಟೆ ಬಿದ್ದವು. ನಾವು ಕಿಟಕಿಯಿಂದ ಹೊರಗೆ ಇಣುಕುತ್ತಿದ್ದೆವು. ನಾಡಿನ ಉದ್ದಗಲಕ್ಕೂ ಆ ದಿನಗಳಲ್ಲಿ ಮನೆಮನೆಯ ಜ್ವರವನ್ನು ವಿಚಾರಿಸಿ ಬರೆದವರಲ್ಲಿ ಆಶಾ ಮುಂದಾಳು. ಅದಕ್ಕೆ ಕೆಲವೇ ದಿನಗಳ ಹಿಂದೆ, ಮಾರ್ಚ್ 30ರಿಂದ, ಕೊರೋನಾ ಎದುರು ನಿಂತ ಆರೋಗ್ಯ ಕಾರ್ಯಕರ್ತರು ಮಡಿದರೆ ಕುಟುಂಬಕ್ಕೆ 50 ಲಕ್ಷ ರೂಪಾಯಿಯೆಂಬ ವಿಮೆ ಜಾರಿಗೆ ಬಂದಿತ್ತು. ಅದರಲ್ಲಿ ಆಶಾ ಕೂಡ ಸೇರಿದ್ದಳು. ಸತ್ತರೆ 50 ಲಕ್ಷ. ಬದುಕಿ ನಡೆದಾಡಿದರೆ ತಿಂಗಳಿಗೆ ಕೆಲವು ಸಾವಿರ. ವಿಮೆಯೆಂದರೆ ಭಯವೆಂಬ ಮೂಲಾರ್ಥ ಇಷ್ಟು ಸ್ಪಷ್ಟವಾಗಿ ಕಂಡದ್ದು ನನ್ನ ಅನುಭವದಲ್ಲಿ ಬೇರೊಂದಿಲ್ಲ.

2024ರ ಫೆಬ್ರುವರಿಯ ಮಧ್ಯಂತರ ಆಯವ್ಯಯದಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತದ ರಕ್ಷಣೆಯನ್ನು ಎಲ್ಲ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ವಿಸ್ತರಿಸಿತು. ಇದು ಸ್ವಾಗತಾರ್ಹ. ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೊಸೆದುಕೊಂಡಿವೆ. ಆಶಾ ಕಾಯಿಲೆ ಬಿದ್ದರೆ ವಿಮೆ ಅವಳನ್ನು ನೋಡುವುದೆ ಎಂಬುದು ಒಂದು. ಆಶಾ ಮಾಡುವ ಕೆಲಸವನ್ನು ವಿಮೆಯು ಚಿಕಿತ್ಸೆಯೆಂದು ಒಪ್ಪುವುದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ 2024ರಲ್ಲಿ ಉತ್ತರ ಸಿಕ್ಕಿತು. ಎರಡನೆಯದನ್ನು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಯೇ ಇಲ್ಲ.

ಹೊರಗಿನ ಲೋಕದಲ್ಲಿ ಕೇಳಿದ್ದಾರೆ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಬಡವರ ಸಾರ್ವಜನಿಕ ವಿಮೆಯಾದ ಮೆಡಿಕೇಯ್ಡ್ ಇಂತಹ ಕಾರ್ಯಕರ್ತರ ಸೇವೆಗೆ ಹಣ ಕೊಡುತ್ತದೆ. ವೃದ್ಧರ ವಿಮೆಯಾದ ಮೆಡಿಕೇರ್ ಕೂಡ 2024ರ ಜನವರಿಯಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಅವರು ಮಾಡುವ ಕೆಲಸಕ್ಕೆ ಪಾವತಿ ಮಾಡತೊಡಗಿತು. ಬ್ರೆಜಿಲ್ ಹಿಡಿದ ದಾರಿ ಬೇರೆ. ಅಲ್ಲಿ 2022ರಲ್ಲಿ ಸಂವಿಧಾನವನ್ನೇ ತಿದ್ದಿ, ಸಮುದಾಯದ ಆರೋಗ್ಯ ಕಾರ್ಯಕರ್ತರ ವೇತನವು ದೇಶದ ಕನಿಷ್ಠ ವೇತನದ ಎರಡರಷ್ಟಕ್ಕೆ ಕಡಿಮೆಯಿರಕೂಡದೆಂದು ಬರೆದರು.

ಈ ಎರಡರಲ್ಲಿ ನನಗೆ ಎರಡನೆಯದೇ ಹಿತವಾಗಿ ಕಾಣುತ್ತದೆ. ಏಕೆಂದರೆ ಭೇಟಿಗಿಷ್ಟು, ಪಟ್ಟಿಗಿಷ್ಟು ಎಂಬ ಬಿಡಿಲೆಕ್ಕದ ರುಚಿಯನ್ನು ನಮ್ಮ ಆಶಾ ಇಪ್ಪತ್ತು ವರ್ಷ ನೋಡಿದ್ದಾಳೆ. ಅಂಕಿ ಏರಿಸುವ ಜಾಲತಾಣ ಕೈಕೊಟ್ಟ ತಿಂಗಳು ಮಾಡಿದ ಕೆಲಸವೂ ಮಾಯವಾಗುತ್ತದೆಂಬುದು ಧರಣಿಗಳಲ್ಲಿ ಕೇಳಿಬಂದ ಮುಖ್ಯ ದೂರುಗಳಲ್ಲೊಂದು. ವಿಮಾನಿಧಿಯೂ ಅದೇ ಬಿಡಿಲೆಕ್ಕವನ್ನು ಹಿಡಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆಯೇ. ಭೇಟಿಯನ್ನು ಮಾರಾಟದ ಸರಕಾಗಿಸಿದರೆ, ಎಣಿಕೆಗೆ ಸಿಗದ ಕೆಲಸ ಹಿಂದೆ ಬೀಳುತ್ತದೆ: ಗಂಡನ ಕುಡಿತವನ್ನು ಹೇಳಿಕೊಂಡು ಅತ್ತ ಹೆಂಗಸಿನ ಹತ್ತಿರ ಅರ್ಧ ಗಂಟೆ ಕುಳಿತುದು, ಔಷಧ ಬಿಟ್ಟ ಕ್ಷಯರೋಗಿಯನ್ನು ಮೂರು ಸಲ ಹುಡುಕಿದುದು, ವಾಣಿವಿಲಾಸ ಆಸ್ಪತ್ರೆಗೆ ಹೋಗಲು ಹೆದರಿದ ಹುಡುಗಿಯ ಅತ್ತೆಯನ್ನು ಒಪ್ಪಿಸಿದುದು. ಇವಕ್ಕೆ ದರಪಟ್ಟಿ ಬರೆಯಲಾಗದು. ಆದರೆ ಇವುಗಳಿಂದಲೇ ಉಳಿದ ಕೆಲಸ ಸಾಗುವುದು.

ಆದುದರಿಂದ ಮಾಡಬೇಕಾದದ್ದು ಇಷ್ಟೆಂದು ತೋರುತ್ತದೆ. ಆಕೆಗೆ ಗೊತ್ತಾದ ಮಾಸಿಕ ವೇತನವಿರಲಿ. ಅದರ ಜೊತೆಗೆ ಕಾರ್ಖಾನೆಯ ಹೆಂಗಸಿಗೆ ಇರುವ ಭತ್ಯೆ, ರಜೆ, ಹೆರಿಗೆಯ ಸೌಲಭ್ಯಗಳಿರಲಿ. ಆಸ್ಪತ್ರೆಗಳಿಗೆ ಸಲ್ಲುವ ಸಾರ್ವಜನಿಕ ವಿಮೆಯ ಹಣದಲ್ಲಿ ಒಂದು ಪಾಲು, ಆಸ್ಪತ್ರೆಗೆ ಹೋಗುವ ಅಗತ್ಯವನ್ನೇ ತಗ್ಗಿಸುವ ಈ ವೇತನಕ್ಕೆ ಮೀಸಲಾಗಲಿ. ಇದು ದಾನವಲ್ಲ, ಕೆರೆ ತುಂಬಿದ ಮೇಲೆ ಕಟ್ಟೆಯನ್ನು ರಿಪೇರಿ ಮಾಡುವುದಕ್ಕಿಂತ ಮೊದಲೇ ಮಣ್ಣು ಹಾಕುವ ವಿವೇಕ.

ಬಾಪೂಜಿಯ ಹೆಸರು ಹೊತ್ತ ಬಡಾವಣೆಯಲ್ಲಿ ನಾವಿದ್ದೇವೆ. ದೈಹಿಕ ಶ್ರಮಕ್ಕೂ ಬುದ್ಧಿಯ ಶ್ರಮಕ್ಕೂ ಸಮಾನ ಬೆಲೆಯಿರಬೇಕೆಂದು ಆ ಮಹಾತ್ಮರು ಬಾಳಿನುದ್ದಕ್ಕೂ ಸಾರಿದರು. ಕಾಲೇಜಿನ ಅರ್ಜಿಯ ಆ ಮನೆಯಲ್ಲಿ ಹುಡುಗಿಯೊಬ್ಬಳು ಎರಡಕ್ಷರದ ಆ ಹೆಸರನ್ನು ಅಳುಕದೆ ಬರೆಯುವಂತಾದ ವರ್ಷ, ನಮ್ಮ ಸಾರ್ವಜನಿಕ ವಿಮೆ ಭಯದ ಜೊತೆಗೆ ಆಶೆಯ ಲೆಕ್ಕವನ್ನೂ ಕಲಿತಿತೆಂದು ತಿಳಿಯಬಹುದು.