ರಕ್ತನಾಳದಲ್ಲೊಂದು ಹುಸಿ ಕೀಲಿಕೈ

ರಕ್ತದೊತ್ತಡ ಏರಿತೆಂದರೆ ಮನೆಯಲ್ಲಿ ಮೊದಲು ದೂರು ಬರುವುದು ಉಪ್ಪಿನಕಾಯಿ ಭರಣಿಯ ಮೇಲೆ. ಆ ದೂರು ಸುಳ್ಳೇನಲ್ಲ. ಆದರೆ ಒತ್ತಡ ಏರಿಸಬಲ್ಲ ವಸ್ತುವೊಂದನ್ನು ನಮ್ಮ ದೇಹವೇ ದಿನವೂ ತಯಾರಿಸುತ್ತದೆ ಎಂಬುದು ಅನೇಕರಿಗೆ ತಿಳಿಯದು.

ರಕ್ತನಾಳದ ಒಳಮೈಗೆ ಜೀವಕೋಶಗಳ ತೆಳುವಾದ ಪದರವಿದೆ. ಅಲ್ಲಿನ ಕಿಣ್ವವೊಂದು ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉತ್ಪಾದಿಸುತ್ತದೆ. ಇದರಿಂದ ನಾಳದ ಸ್ನಾಯು ಸಡಿಲಗೊಂಡು, ನಾಳ ಹಿಗ್ಗಿ, ರಕ್ತ ಸರಾಗವಾಗಿ ಹರಿಯುತ್ತದೆ. ಈ ಅನಿಲದ ಪಾತ್ರವನ್ನು ತೋರಿಸಿಕೊಟ್ಟ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಕಿಣ್ವಕ್ಕೆ ಅಡ್ಡಗಾಲು ಹಾಕುವ ವಸ್ತುವೂ ದೇಹದಲ್ಲೇ ಉಂಟು. ಅದರ ಹೆಸರು ಅಸಿಮೆಟ್ರಿಕ್ ಡೈಮೀಥೈಲ್ ಆರ್ಜಿನಿನ್, ಚಿಕ್ಕದಾಗಿ ಎಡಿಎಂಎ. ಜೀವಕೋಶಗಳ ಹಳೆಯ ಪ್ರೋಟೀನುಗಳು ವಿಭಜನೆಯಾಗುವಾಗ ಇದು ಹೊರಬೀಳುತ್ತದೆ. ನೋಡಲು ಥೇಟು ಆರ್ಜಿನಿನ್ನಿನಂತೆಯೇ. ಎರಡು ಮೀಥೈಲ್ ಗುಂಪುಗಳು ಮಾತ್ರ ಹೆಚ್ಚು. ಬೀಗಕ್ಕೆ ಬೇರೆ ಕೀಲಿಕೈ ತೂರಿಸಿದರೆ ಅದು ಒಳಗೇನೋ ಹೋದೀತು, ತಿರುಗದು. ಸರಿಯಾದ ಕೀಲಿಕೈಗೂ ಜಾಗ ಬಿಡದು. ಎಡಿಎಂಎ ಬಂದು ಕುಳಿತ ಕಿಣ್ವದ ಪಾಡೂ ಅಷ್ಟೆ. ಅನಿಲ ಕಡಿಮೆಯಾಗಿ ನಾಳ ಬಿಗಿಯುತ್ತದೆ.

ಆರೋಗ್ಯವಂತರಲ್ಲಿ ಇದು ಹೆಚ್ಚು ಕೂಡಿಬೀಳುವುದಿಲ್ಲ. ಬಹುಪಾಲನ್ನು ಇನ್ನೊಂದು ಕಿಣ್ವ ಒಡೆದುಹಾಕಿದರೆ, ಒಂದಿಷ್ಟು ಮೂತ್ರದೊಡನೆ ಹೊರಹೋಗುತ್ತದೆ. ಮೂತ್ರಪಿಂಡ ಸೋತಾಗಲೇ ತೊಂದರೆ. ಅಂಥ ರೋಗಿಗಳ ರಕ್ತದಲ್ಲಿ ಎಡಿಎಂಎ ಶೇಖರವಾಗುವುದನ್ನು ಬ್ರಿಟನ್ನಿನ ಪ್ಯಾಟ್ರಿಕ್ ವ್ಯಾಲೆನ್ಸ್, ಸಾಲ್ವಡಾರ್ ಮೊಂಕಾಡಾ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದರು. ಒಡೆಯುವ ಕಿಣ್ವವನ್ನು ತಗ್ಗಿಸಿದ ಇಲಿಗಳಲ್ಲಿ ರಕ್ತದೊತ್ತಡ ಏರಿದ್ದು 2007ರಲ್ಲಿ ಪ್ರಕಟವಾಯಿತು.

ಹಾಗಾದರೆ ಆರ್ಜಿನಿನ್ ಮಾತ್ರೆ ನುಂಗಿದರೆ ಸಾಲದೆ? ಸಾಲದು. ಹೃದಯಾಘಾತವಾದವರಿಗೆ ಅದನ್ನು ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರಲ್ಲಿ, ಆರ್ಜಿನಿನ್ ಪಡೆದವರ ಪೈಕಿ 6 ಮಂದಿ ತೀರಿಕೊಂಡರು; ಹುಸಿ ಮಾತ್ರೆ ಪಡೆದವರಲ್ಲಿ ಒಬ್ಬರೂ ಸಾಯಲಿಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಇದರ ವರದಿ ಬಂದದ್ದು 2006ರಲ್ಲಿ. ಕಾಗದದ ಮೇಲೆ ಸರಿಕಂಡ ಲೆಕ್ಕ ದೇಹದಲ್ಲೂ ಸರಿಹೋಗಬೇಕೆಂದಿಲ್ಲ.

ರಕ್ತದೊತ್ತಡಕ್ಕೆ ಎಡಿಎಂಎ ಒಂದೇ ಕಾರಣವಲ್ಲ; ಉಪ್ಪು, ಬೊಜ್ಜು, ವಂಶವಾಹಿ, ವಯಸ್ಸು ಎಲ್ಲಕ್ಕೂ ಪಾಲುಂಟು. ಆದರೆ ಇದು ಕಲಿಸುವ ಪಾಠ ದೊಡ್ಡದು. ಏರಿದ ಒತ್ತಡ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಎರಡೂ ಬಹುಕಾಲ ಸದ್ದು ಮಾಡದೆ ನಡೆಯುವ ಕೆಲಸ. ಆದ್ದರಿಂದ ಮನೆಯ ಹಿರಿಯರು ತಲೆಸುತ್ತು ಬರಲೆಂದು ಕಾಯದೆ, ಆಗಾಗ ರಕ್ತದೊತ್ತಡ ಅಳೆಸಿಕೊಳ್ಳುವುದು ಲೇಸು.